ಜಾವಾ ಎಂಬ ಹೆಸರಿನ ಎರಡನೆಯ ಅಕ್ಷರ: ವಾಂಡರರ್ ಕಾರ್ಖಾನೆಯ ಚರಿತ್ರೆ ಮತ್ತು ಮೈಸೂರು ಸೀಮೆಯಲ್ಲಿ ಅದರ ಕೀರ್ತಿ

ನಂಜನಗೂಡಿಗೂ ಚಾಮರಾಜನಗರಕ್ಕೂ ನಡುವಣ ರೈಲುದಾರಿಯಲ್ಲಿ ಕವಲಂದೆ ಒಂದು ನಿಲ್ದಾಣ. ಗ್ರಾಮಚರಿತ್ರೆಗೆ ಸಂಬಂಧಿಸಿದ ಹೇಳಿಕೆಗಳನ್ನು ಸಂಗ್ರಹಿಸಲು ವಿದ್ಯಾರ್ಥಿಗಳೊಡನೆ ನಾವು ಅಲ್ಲಿಗೆ ಹೋಗಿದ್ದಾಗ, ರಸ್ತೆಬದಿಯ ರಿಪೇರಿ ಅಂಗಡಿಯೊಂದರ ಮುಂದೆ ಹಳೆಯ ಜಾವಾ ಮೋಟಾರ್ ಸೈಕಲ್ಲೊಂದು ನಿಂತಿದ್ದಿತು. ಅದರ ಒಡೆಯರಾದ ವೃದ್ಧ ರೈತರು, "ಇದು ಜರ್ಮನ್ ಮಾಲು ಸ್ವಾಮೀ, ಅದಕ್ಕೇ ಇಷ್ಟು ಗಟ್ಟಿ. ನಮ್ಮಪ್ಪ ತಕ್ಕೊಂಡಿದ್ದು, ಇನ್ನೂ ಓಡ್ತದೆ" ಎಂದರು. ಅಂಗಡಿಯ ಮಿಸ್ತ್ರಿ ಇದನ್ನು ಒಪ್ಪಲಿಲ್ಲ, "ಜರ್ಮನ್ನೂ ಇಲ್ಲ, ಏನೂ ಇಲ್ಲ. ಮೈಸೂರು ಯಾದವಗಿರೀಲಿ ಮಾಡಿದ್ದು" ಎಂಬುದು ಆತನ ವಾದ. ಅಲ್ಲಿಯೇ ನಿಂತಿದ್ದ ಕಾಲೇಜು ಹುಡುಗನೊಬ್ಬ ಇಬ್ಬರೂ ತಪ್ಪೆಂದೂ, ಜಾವಾ ಚೆಕ್ ದೇಶದ್ದೆಂದೂ ತಿದ್ದಿದನು. ಒಂದು ವಾಹನಕ್ಕೆ ಮೂರು ತವರುಗಳು! ಈ ಮೂರು ಹೇಳಿಕೆಗಳಲ್ಲಿ ಯಾವುದೂ ಪೂರ್ತಿ ಸುಳ್ಳಲ್ಲವೆಂಬುದು ನಮಗೆ ಅನಂತರ ತಿಳಿಯಿತು. ಎಲ್ಲಕ್ಕಿಂತ ದುರ್ಬಲವೆಂದು ತೋರಿದ ಮೊದಲನೆಯದನ್ನೇ ಹಿಡಿದು, ಆ ಜರ್ಮನ್ ಕೀರ್ತಿ ಎಲ್ಲಿಂದ ಬಂದಿತು, ಅದು ಯಾರಿಗೆ ಸಲ್ಲತಕ್ಕದ್ದು ಎಂಬುದನ್ನು ಈ ಲೇಖನದಲ್ಲಿ ವಿಚಾರಮಾಡಲು ಯತ್ನಿಸಿದ್ದೇವೆ.

ಮೊದಲು ಹೆಸರನ್ನು ನೋಡೋಣ. ಜಾವಾ ಎಂದೊಡನೆ ಪೂರ್ವಸಮುದ್ರದ ದ್ವೀಪವನ್ನು ನೆನೆಯುವವರು ನಮ್ಮಲ್ಲಿ ಹಲವರುಂಟು. ಈ ವಾಹನಕ್ಕೂ ಆ ದ್ವೀಪಕ್ಕೂ ಯಾವ ಸಂಬಂಧವೂ ಇಲ್ಲ. ಪ್ರಾಗ್ ನಗರದ ಫ್ರಾಂಟಿಶೆಕ್ ಯಾನೆಚೆಕ್ ಎಂಬ ಕೈಗಾರಿಕೋದ್ಯಮಿಯ ಹೆಸರಿನ ಮೊದಲ ಭಾಗವನ್ನೂ, ಜರ್ಮನಿಯ ವಾಂಡರರ್ ಕಾರ್ಖಾನೆಯ ಹೆಸರಿನ ಮೊದಲ ಭಾಗವನ್ನೂ ಕೂಡಿಸಿ ೧೯೨೯ರಲ್ಲಿ ಈ ಪದವನ್ನು ಕಟ್ಟಿದರು. ಚೆಕ್ ಭಾಷೆಯಲ್ಲಿ ಅದರ ಉಚ್ಚಾರಣೆ 'ಯಾವಾ'. ಇಂಗ್ಲಿಷ್ ಅಕ್ಷರಗಳ ಮೂಲಕ ನಮ್ಮಲ್ಲಿಗೆ ಬಂದುದರಿಂದ ಮೊದಲಕ್ಷರ ಬದಲಾಗಿ 'ಜಾವಾ' ಆಯಿತು. ಕನ್ನಡದಲ್ಲಿ ಬರೆದಾಗ ಆ ಹೆಸರು ಎರಡೇ ಅಕ್ಷರ. ಎರಡನೆಯದು ಜರ್ಮನ್ ಕಾರ್ಖಾನೆಯದು. ಕವಲಂದೆಯ ವೃದ್ಧರ ಮಾತಿನಲ್ಲಿ ಅಷ್ಟರಮಟ್ಟಿಗೆ ಸತ್ಯವಿದೆ.

ವಾಂಡರರ್ ಸಂಸ್ಥೆಯ ಮೂಲ ಸಾಕ್ಸನಿ ಪ್ರಾಂತದ ಕೆಮ್ನಿಟ್ಸ್ ನಗರದಲ್ಲಿದೆ. ೧೮೮೫ರಲ್ಲಿ ವಿಂಕ್ಲ್‌ಹೋಫರ್ ಮತ್ತು ಯೇನಿಕೆ ಎಂಬಿಬ್ಬರು ಅಲ್ಲಿ ಬೈಸಿಕಲ್ಲುಗಳ ಅಂಗಡಿಯನ್ನು ತೆರೆದರು. ಮೊದಲು ಅವರು ಮಾರಿದುದು ಇಂಗ್ಲಿಷ್ ಬೈಸಿಕಲ್ಲುಗಳನ್ನು; ಅನಂತರ ತಾವೇ ತಯಾರಿಸತೊಡಗಿದರು. 'ವಾಂಡರರ್' ಎಂದರೆ ಸಂಚಾರಿ. ಇದು ಇಂಗ್ಲಿಷಿನ 'ರೋವರ್' ಎಂಬ ಪದದ ಭಾಷಾಂತರವೆಂದು ಹೇಳುತ್ತಾರೆ. ಎಂದಮೇಲೆ ಜರ್ಮನ್ ಗಟ್ಟಿತನದ ಗುರುತಾಗಿ ನಾವು ಎಣಿಸುವ ಹೆಸರೇ ಒಂದು ಅನುವಾದ. ಆದರೂ ಆ ಕಾರ್ಖಾನೆಯ ಕೀರ್ತಿ ಎರವಲು ತಂದುದಲ್ಲ. ಬೈಸಿಕಲ್ಲಿನ ಚಕ್ರಗುಂಬ, ಬಿಲ್ಲೆ, ಸರಪಣಿ ಇವುಗಳನ್ನು ಒಂದೇ ಅಳತೆಯಲ್ಲಿ ಸಾವಿರಗಟ್ಟಲೆ ತಯಾರಿಸಬೇಕಾದರೆ ಲೋಹವನ್ನು ಕೊರೆಯುವ ಯಂತ್ರ ನಿಖರವಾಗಿರಬೇಕು. ವಾಂಡರರ್ ಸಂಸ್ಥೆಯು ಅಂತಹ ಯಂತ್ರಗಳನ್ನೂ ತಾನೇ ತಯಾರಿಸಿ ಇತರರಿಗೆ ಮಾರಿತು. ಇಪ್ಪತ್ತನೆಯ ಶತಮಾನದ ಆದಿಯಲ್ಲಿ 'ಕಾಂಟಿನೆಂಟಲ್' ಎಂಬ ಬೆರಳಚ್ಚು ಯಂತ್ರವೂ, ೧೯೦೨ರಲ್ಲಿ ಮೋಟಾರ್ ಸೈಕಲ್ಲೂ ಅಲ್ಲಿಂದ ಹೊರಬಂದವು. ಬೈಸಿಕಲ್ಲಿನಿಂದ ಬೆರಳಚ್ಚು ಯಂತ್ರಕ್ಕೆ ಹೋದುದು ವಿಚಿತ್ರವಾಗಿ ಕಂಡರೂ, ಎರಡಕ್ಕೂ ಬೇಕಾದ ಕೌಶಲ ಒಂದೇ: ಚಿಕ್ಕ ಭಾಗಗಳು, ಕಟ್ಟುನಿಟ್ಟಾದ ಅಳತೆ.

ಮೊದಲನೆಯ ಮಹಾಯುದ್ಧಕ್ಕೆ ಸ್ವಲ್ಪ ಮುಂಚೆ ಈ ಸಂಸ್ಥೆಯ ಪ್ರಥಮ ಕಾರು ಮಾರಾಟಕ್ಕೆ ಬಂದಿತು. ಅದು ಬಹು ಸಣ್ಣದು. ಅದರಲ್ಲಿ ಇಬ್ಬರು ಅಕ್ಕಪಕ್ಕದಲ್ಲಿ ಕೂಡದೆ ಒಬ್ಬರ ಹಿಂದೆ ಒಬ್ಬರು ಕೂಡಬೇಕಾಗಿದ್ದಿತು. ಜನರು ಆಗಿನ ಸಂಗೀತನಾಟಕವೊಂದರ ಹೆಸರನ್ನು ಹಿಡಿದು ಅದನ್ನು 'ಪುಪ್‌ಶೆನ್', ಎಂದರೆ ಪುಟ್ಟ ಬೊಂಬೆ, ಎಂದು ಕರೆದರು. ಮುಂದಿನ ವರ್ಷಗಳಲ್ಲಿ ವಾಂಡರರ್ ಕಾರುಗಳು ಬೆಳೆದು ಮಧ್ಯಮವರ್ಗದ ವಾಹನಗಳಾದವು. ವೇಗಕ್ಕಾಗಲಿ ವೈಭವಕ್ಕಾಗಲಿ ಅವು ಹೆಸರಾಗಲಿಲ್ಲ. ಕೆಡದೆ ಓಡುತ್ತವೆಂಬುದೇ ಅವುಗಳ ಪ್ರಶಸ್ತಿ. ಫರ್ಡಿನಾಂಡ್ ಪೋರ್ಷೆಯು ಸ್ವತಂತ್ರ ವಿನ್ಯಾಸ ಕಚೇರಿಯನ್ನು ತೆರೆದಾಗ ಆತನಿಗೆ ದೊರೆತ ಮೊದಲ ಕೆಲಸಗಳಲ್ಲಿ ವಾಂಡರರ್ ಕಾರಿನದೂ ಒಂದು.

ಆದರೆ ಮೋಟಾರ್ ಸೈಕಲ್ಲಿನ ವಿಭಾಗ ಲಾಭ ತರಲಿಲ್ಲ. ೧೯೨೯ರಲ್ಲಿ ಸಂಸ್ಥೆಯು ಅದನ್ನು ಕೈಬಿಟ್ಟಿತು. ಆಗ ತಾನೇ ವಿನ್ಯಾಸಗೊಂಡಿದ್ದ ೫೦೦ ಸಿ.ಸಿ. ವಾಹನವೊಂದರ ತಯಾರಿಕೆಯ ಹಕ್ಕನ್ನು ಯಾನೆಚೆಕ್ ಕೊಂಡನು. ಈತನದು ಅಲ್ಲಿಯತನಕ ಶಸ್ತ್ರಾಸ್ತ್ರಗಳ ಕಾರ್ಖಾನೆ. ಯುದ್ಧ ಮುಗಿದು ಆ ಪದಾರ್ಥಕ್ಕೆ ಗಿರಾಕಿ ಕಡಮೆಯಾಗಿದ್ದಿತು. ಕೆಮ್ನಿಟ್ಸಿನಿಂದ ತಂದ ಮಾದರಿ ಒತ್ತುತಗಡಿನ ಚೌಕಟ್ಟುಳ್ಳದ್ದು. ಹಿಂದಿನ ಚಕ್ರಕ್ಕೆ ಸರಪಣಿಯ ಬದಲು ದಂಡದ ಮೂಲಕ ಶಕ್ತಿ ಹರಿಯುತ್ತಿದ್ದಿತು. ನೋಡಲು ಗಂಭೀರವಾಗಿದ್ದರೂ ಅದರ ಬೆಲೆ ವಿಪರೀತ, ತೊಂದರೆಗಳು ಹಲವು. ಯಾನೆಚೆಕ್‌ನನ್ನು ಉಳಿಸಿದುದು ಈ ಜರ್ಮನ್ ವಾಹನವಲ್ಲ. ಪ್ಯಾಚೆಟ್ ಎಂಬ ಇಂಗ್ಲಿಷ್ ತಂತ್ರಜ್ಞನ ನೆರವಿನಿಂದ, ವಿಲಿಯರ್ಸ್ ಎಂಬ ಇಂಗ್ಲಿಷ್ ಎಂಜಿನ್ನನ್ನು ಅಳವಡಿಸಿ, ೧೯೩೨ರಲ್ಲಿ ಹೊರತಂದ ೧೭೫ ಸಿ.ಸಿ.ಯ ಸುಲಭಬೆಲೆಯ ಗಾಡಿ. ಹೀಗೆ ಕೆಲವೇ ವರ್ಷಗಳಲ್ಲಿ ವಾಂಡರರ್ ವಸ್ತು ಹೋಗಿ ವಾಂಡರರ್ ಅಕ್ಷರ ಮಾತ್ರ ಉಳಿಯಿತು.

ಅದೇ ೧೯೩೨ರಲ್ಲಿ ಕೆಮ್ನಿಟ್ಸಿನ ಕಡೆಯೂ ದೊಡ್ಡ ಪಲ್ಲಟವಾಯಿತು. ಆರ್ಥಿಕ ಮುಗ್ಗಟ್ಟಿನಲ್ಲಿ ಕೊಟ್ಟ ಸಾಲ ಮುಳುಗುವುದೆಂಬ ಭಯದಿಂದ ಸಾಕ್ಸನಿಯ ಸರ್ಕಾರಿ ಬ್ಯಾಂಕು ಮುಂದೆ ನಿಂತು ಆಡಿ, ಹೋರ್ಷ್, ಡಿ.ಕೆ.ಡಬ್ಲ್ಯೂ. ಎಂಬ ಮೂರು ಸಂಸ್ಥೆಗಳನ್ನೂ, ವಾಂಡರರ್‌ನ ಕಾರು ವಿಭಾಗವನ್ನೂ ಸೇರಿಸಿ 'ಆಟೋ ಯೂನಿಯನ್' ಎಂಬ ಕೂಟವನ್ನು ರಚಿಸಿತು. ಇಂದು ಆಡಿ ಕಾರುಗಳ ಮುಂದೆ ಕಾಣುವ ನಾಲ್ಕು ಉಂಗುರಗಳು ಈ ನಾಲ್ವರ ಗುರುತು. ಆಡಿ ಎಂಬುದೂ ಒಂದು ಭಾಷಾಂತರವೆಂಬುದನ್ನು ಇಲ್ಲಿ ಹೇಳಬಹುದು. ಔಗುಸ್ಟ್ ಹೋರ್ಷ್ ತಾನು ಸ್ಥಾಪಿಸಿದ ಸಂಸ್ಥೆಯನ್ನು ೧೯೦೯ರಲ್ಲಿ ಬಿಟ್ಟು ಹೊಸದನ್ನು ತೆರೆದಾಗ ತನ್ನ ಹೆಸರನ್ನೇ ಬಳಸುವ ಹಕ್ಕನ್ನು ನ್ಯಾಯಾಲಯದಲ್ಲಿ ಕಳೆದುಕೊಂಡನು. 'ಹೋರ್ಷ್' ಎಂದರೆ 'ಕೇಳು' ಎಂದರ್ಥವಿರುವುದರಿಂದ ಅದನ್ನೇ ಲ್ಯಾಟಿನ್ನಿಗೆ ತಿರುಗಿಸಿ ಆಡಿ ಎಂದಿಟ್ಟನು. ಮೋಟಾರು ಉದ್ಯಮದಲ್ಲಿ ಹೆಸರು ಒಡೆಯನಿಗಿಂತ ಬೇರೆಯಾದ ಆಸ್ತಿ. ಮೈಸೂರಿನ ವಿಷಯದಲ್ಲಿಯೂ ಈ ಮಾತು ಮುಂದೆ ಬರಲಿದೆ.

ಆಟೋ ಯೂನಿಯನ್ನಿನ ಪಂದ್ಯದ ಕಾರುಗಳು ೧೯೩೦ರ ದಶಕದಲ್ಲಿ ಯೂರೋಪಿನಲ್ಲೆಲ್ಲ ಗೆದ್ದವು. ಜರ್ಮನ್ ಯಂತ್ರವೆಂದರೆ ಸೋಲದ ಯಂತ್ರವೆಂಬ ನಂಬಿಕೆ ಲೋಕದಲ್ಲಿ ಬೇರೂರಿದುದಕ್ಕೆ ಇದೂ ಒಂದು ಕಾರಣ. ಆ ಗೆಲುವಿಗೆ ನಾಜಿ ಸರ್ಕಾರದ ಧನಸಹಾಯವಿದ್ದಿತೆಂಬುದನ್ನು ಆ ಕೀರ್ತಿಯ ಜತೆಗೇ ಹೇಳತಕ್ಕದ್ದು. ಎರಡನೆಯ ಮಹಾಯುದ್ಧದಲ್ಲಿ ವಾಂಡರರ್ ಕಾರುಗಳು ತಯಾರಾಗುತ್ತಿದ್ದ ಜೀಗ್ಮಾರ್ ಕಾರ್ಖಾನೆಯಲ್ಲಿ ಟ್ಯಾಂಕುಗಳ ಎಂಜಿನ್ನುಗಳು ತಯಾರಾದವು. ೧೯೪೪ರಲ್ಲಿ ಅಲ್ಲಿ ಬಾಂಬು ಬಿದ್ದಮೇಲೆ ಆ ಕೆಲಸವನ್ನು ಬೊಹೀಮಿಯಾದ ಲೈಟ್ಮೆರಿಟ್ಸಿನ ನೆಲದಡಿಯ ಗವಿಗಳಿಗೆ ಸಾಗಿಸಿದರು. ಅಲ್ಲಿ ದುಡಿದವರು ಸೆರೆಶಿಬಿರದ ಬಂದಿಗಳು. ಆಡಿ ಸಂಸ್ಥೆಯೇ ನಿಯೋಜಿಸಿ ೨೦೧೪ರಲ್ಲಿ ಪ್ರಕಟವಾದ, ಕೆಮ್ನಿಟ್ಸ್ ವಿಶ್ವವಿದ್ಯಾನಿಲಯದ ಇತಿಹಾಸಕಾರ ರುಡಾಲ್ಫ್ ಬೋಖ್ ಮತ್ತು ಸಂಸ್ಥೆಯ ಇತಿಹಾಸಕಾರ ಮಾರ್ಟಿನ್ ಕುಕೋವ್‌ಸ್ಕಿ ಇವರ ಸಂಶೋಧನೆ ಈ ವಿಷಯವನ್ನು ಅಂಕೆಗಳೊಡನೆ ಬಯಲಿಗೆ ತಂದಿತು. ಆಟೋ ಯೂನಿಯನ್ನಿಗಾಗಿ ಏಳು ಶಿಬಿರಗಳಲ್ಲಿ ೩,೭೦೦ಕ್ಕೂ ಹೆಚ್ಚು ಬಂದಿಗಳನ್ನು ದುಡಿಸಲಾಗಿದ್ದಿತು. ಶಿಬಿರಗಳ ಹೊರಗೆ ಬಲವಂತದ ಕೆಲಸಗಾರರು ಇನ್ನೂ ೧೬,೫೦೦ ಮಂದಿ. ಲೈಟ್ಮೆರಿಟ್ಸಿನಲ್ಲಿ ಸತ್ತವರು ಸುಮಾರು ೪,೫೦೦. ಆ ಸಾವುಗಳ ನೈತಿಕ ಹೊಣೆ ಸಂಸ್ಥೆಯದೆಂದು ಆ ವಿದ್ವಾಂಸರು ಬರೆದರು. ಲೈಟ್ಮೆರಿಟ್ಸ್ ಇರುವುದು ಚೆಕ್ ನಾಡಿನಲ್ಲಿ, ಪ್ರಾಗಿನಿಂದ ಬಹುದೂರವೇನೂ ಅಲ್ಲ. 'ಜಾ' ಎಂಬುದರ ನಾಡಿನಲ್ಲಿ 'ವಾ' ಎಂಬುದರ ಕೂಟ ಹೀಗೆ ನಡೆದುಕೊಂಡಿತು.

ಯುದ್ಧಾನಂತರದ ಕಥೆಯನ್ನು ಬೇಗ ಮುಗಿಸಬಹುದು. ಸಾಕ್ಸನಿ ಸೋವಿಯತ್ ವಶವಾಯಿತು. ಯಂತ್ರಗಳನ್ನು ಕಳಚಿ ಒಯ್ದರು. ೧೯೪೮ರಲ್ಲಿ ಹಳೆಯ ಸಂಸ್ಥೆಯ ಹೆಸರನ್ನು ಕೆಮ್ನಿಟ್ಸಿನ ದಾಖಲೆಯಿಂದ ತೆಗೆದುಹಾಕಲಾಯಿತು. ೧೯೪೯ರಲ್ಲಿ ಪಶ್ಚಿಮದ ಇಂಗೋಲ್‌ಸ್ಟಾಟ್ ನಗರದಲ್ಲಿ ಹೊಸ ಆಟೋ ಯೂನಿಯನ್ ಹುಟ್ಟಿತು. ಅದು ೧೯೫೮ರಲ್ಲಿ ಡೈಮ್ಲರ್-ಬೆಂಜ್ ಕೈಗೂ, ೧೯೬೦ರ ದಶಕದ ಮಧ್ಯದಲ್ಲಿ ಫೋಕ್ಸ್‌ವಾಗನ್ ಕೈಗೂ ಹೋಯಿತು. ಆಡಿ ಎಂಬ ಹೆಸರು ೧೯೬೫ರಲ್ಲಿ ಮತ್ತೆ ಎದ್ದಿತು. ವಾಂಡರರ್ ಎಂಬ ಹೆಸರಿನ ಕಾರು ಆ ಕಾರ್ಖಾನೆಗಳಿಂದ ಮತ್ತೆ ಹೊರಬರಲಿಲ್ಲ.

ಇನ್ನು ಮೈಸೂರು. ನಮ್ಮ ದೇಶದಲ್ಲಿಯೇ ಮೋಟಾರು ವಾಹನಗಳನ್ನು ತಯಾರಿಸಬೇಕೆಂದು ಸರ್ ಎಂ. ವಿಶ್ವೇಶ್ವರಯ್ಯನವರು ೧೯೩೦ರ ದಶಕದಲ್ಲಿ ಯೋಜನೆ ಹಾಕಿ ಯೂರೋಪು ಅಮೆರಿಕಗಳ ಕಾರ್ಖಾನೆಗಳನ್ನು ನೋಡಿಬಂದಿದ್ದರು. ಬ್ರಿಟಿಷ್ ಸರ್ಕಾರದ ಬೆಂಬಲ ಅದಕ್ಕೆ ಸಿಕ್ಕಲಿಲ್ಲ. ಸ್ವಾತಂತ್ರ್ಯಾನಂತರ ವಾಹನಗಳ ಆಮದಿಗೆ ನಿರ್ಬಂಧ ಬಂದಾಗ ರುಸ್ತುಂ ಇರಾನಿಯವರು ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆಯನ್ನು ಸ್ಥಾಪಿಸಿದರು. ಆಗ ರಾಜ್ಯಪಾಲರಾಗಿದ್ದ ಶ್ರೀ ಜಯಚಾಮರಾಜೇಂದ್ರ ಒಡೆಯರು ೧೯೬೧ರಲ್ಲಿ ಅದನ್ನು ಉದ್ಘಾಟಿಸಿದರು. ಬಿಡಿಭಾಗಗಳು ಮೊದಲು ಚೆಕೊಸ್ಲೊವಾಕಿಯಾದಿಂದ ಬರುತ್ತಿದ್ದವು. ಕ್ರಮೇಣ ಇಲ್ಲಿಯೇ ತಯಾರಾದವು.

ಇಲ್ಲಿ ತಯಾರಾದ ೨೫೦ ಸಿ.ಸಿ.ಯ ಎಂಜಿನ್ನಿನ ವಂಶವನ್ನು ವಿಚಾರಿಸಿದರೆ ಒಂದು ಸ್ವಾರಸ್ಯ ಕಂಡುಬರುತ್ತದೆ. ಜರ್ಮನರು ಪ್ರಾಗನ್ನು ಆಕ್ರಮಿಸಿಕೊಂಡಿದ್ದ ಕಾಲದಲ್ಲಿ ಚೆಕ್ ತಂತ್ರಜ್ಞರು ಗುಟ್ಟಾಗಿ ರೂಪಿಸಿ ೧೯೪೬ರಲ್ಲಿ ಪ್ರಕಟಪಡಿಸಿದ 'ಪೆರಾಕ್' ಎಂಬ ಗಾಡಿಯೇ ಅದರ ಹಿರಿಯ. ಅದರದು ಎರಡು ಹೊಡೆತದ ಎಂಜಿನ್. ಇಂತಹ ಎಂಜಿನ್ನಿನಲ್ಲಿ ಹೊಸ ಇಂಧನ ಒಳನುಗ್ಗುವಾಗಲೇ ಸುಟ್ಟ ಹೊಗೆ ಹೊರಹೋಗಬೇಕು. ಎರಡೂ ಬೆರೆತರೆ ನಷ್ಟ. ಇಕ್ಕೆಲದ ದ್ವಾರಗಳಿಂದ ಇಂಧನವನ್ನು ಹಿಂಗೋಡೆಯ ಕಡೆಗೆ ಓರೆಯಾಗಿ ಹಾಯಿಸಿ, ಅದು ಸುತ್ತಿಬಂದು ಹೊಗೆಯನ್ನು ತಳ್ಳುವಂತೆ ಮಾಡುವ ಉಪಾಯವನ್ನು ಕಂಡುಹಿಡಿದವನು ಷ್ನ್ಯೂರ್ಲೆ ಎಂಬ ಜರ್ಮನ್. ಅದನ್ನು ಮೋಟಾರ್ ಸೈಕಲ್ಲುಗಳಲ್ಲಿ ಬಳಕೆಗೆ ತಂದುದು ಡಿ.ಕೆ.ಡಬ್ಲ್ಯೂ., ಎಂದರೆ ನಾಲ್ಕು ಉಂಗುರಗಳಲ್ಲಿ ಇನ್ನೊಂದು. ಆದುದರಿಂದ ಮೈಸೂರು ಜಾವಾದ ಹೆಸರಿನಲ್ಲಿದ್ದ ಜರ್ಮನ್ ಸಂಸ್ಥೆ ಅದರ ಯಂತ್ರದಲ್ಲಿ ಇರಲಿಲ್ಲ. ಯಂತ್ರದಲ್ಲಿದ್ದ ಜರ್ಮನ್ ಉಪಾಯಕ್ಕೆ ಹೆಸರಿನಲ್ಲಿ ಸ್ಥಳವಿರಲಿಲ್ಲ.

ಹಾಗಾದರೆ ಕವಲಂದೆಯ ರೈತರು ಕೊಂಡಾಡಿದ ಗಟ್ಟಿತನ ಯಾರದು? ಪ್ರಶ್ನೆಯನ್ನು ಅವರ ಮುಂದೆಯೇ ಇಟ್ಟೆವು. ಅವರು ಹೇಳಿದುದರಲ್ಲಿ ಜರ್ಮನಿಯ ಸುದ್ದಿ ಮತ್ತೆ ಬರಲಿಲ್ಲ. ಪೆಟ್ರೋಲಿಗೆ ಎಣ್ಣೆ ಬೆರಸಿ ಹಾಕುತ್ತಿದ್ದುದು, ಒಂದೇ ಕಡ್ಡಿಯನ್ನು ಒದ್ದು ಎಂಜಿನ್ ಹೊರಡಿಸಿ ಅದನ್ನೇ ಮುಂದಕ್ಕೆ ತಿರುಗಿಸಿ ಗೇರು ಹಾಕುತ್ತಿದ್ದುದು, ಗದ್ದೆಬದುವಿನಲ್ಲಿ ಇಬ್ಬರನ್ನೂ ಒಂದು ಮೂಟೆಯನ್ನೂ ಹೊತ್ತು ನಡೆದುದು, ಎರಡು ಕೊಳವೆಗಳ ಸದ್ದು ಕೇಳಿ ಮನೆಯವರು ಬಾಗಿಲು ತೆರೆಯುತ್ತಿದ್ದುದು, ಇವೇ ಅವರ ಸಾಕ್ಷ್ಯ. "ಬಿಡಿಭಾಗ ಬೇಕಂದ್ರೆ ಮೈಸೂರಿಗೆ ಒಂದು ಗಳಿಗೆ ಸ್ವಾಮೀ. ಹೋಗಿ ತಂದ್ರೆ ಸಂಜೆಗೆ ಗಾಡಿ ರೆಡಿ" ಎಂದರು. ಬಾಳಿಕೆ ಎಂಬುದು ಎರಕದಲ್ಲಿ ಎಷ್ಟಿದೆಯೋ ಭಾಗಗಳ ಲಭ್ಯತೆಯಲ್ಲಿಯೂ ಅಷ್ಟೇ ಇದೆ. ಕವಲಂದೆಗೆ ಯಾದವಗಿರಿ ಹತ್ತಿರ, ಕೆಮ್ನಿಟ್ಸ್ ಅಲ್ಲ. ಆ ಭಾಗಗಳನ್ನು ಕೊರೆದವರು, ಉಜ್ಜಿದವರು, ಜೋಡಿಸಿದವರು ಮೈಸೂರು ಕಾರ್ಖಾನೆಯ ಕೆಲಸಗಾರರು. ತಮ್ಮ ಕೀರ್ತಿ ಇನ್ನೊಬ್ಬರ ಲೆಕ್ಕಕ್ಕೆ ಜಮೆಯಾದುದು ಅವರಲ್ಲಿ ಎಷ್ಟು ಜನರ ಕಿವಿಗೆ ಬಿದ್ದಿದ್ದಿತೋ!

೧೯೭೦ರ ದಶಕದ ಆದಿಯಲ್ಲಿ ಪರವಾನಗಿಯ ಅವಧಿ ತೀರಿದಾಗ ಆ ಎರಡು ಅಕ್ಷರಗಳೂ ಹೋದವು. ಕಾರ್ಖಾನೆ ತನ್ನ ಗಾಡಿಗೆ 'ಯೆಜ್ಡಿ' ಎಂದು ಹೆಸರಿಟ್ಟಿತು. ಇರಾನಿನ ಯಜ್ದ್ ನಗರದ ನೆನಪಿಗೆ ಇಟ್ಟ ಹೆಸರೆಂದು ಹೇಳುವುದುಂಟು. ಚೆಕ್ ಭಾಷೆಯಲ್ಲಿ 'ಯೆಜ್ದೀ' ಎಂದರೆ 'ಸವಾರಿ ಮಾಡುತ್ತಾನೆ, ಓಡುತ್ತದೆ' ಎಂಬ ಅರ್ಥವೂ ಇದೆ. 'ಯಾವಾ'ವನ್ನು 'ಜಾವಾ' ಮಾಡಿದ ನಮ್ಮ ನಾಲಗೆ ಇದನ್ನು ಮಾತ್ರ ಚೆಕ್ಕರಿಗೆ ಸಮೀಪವಾಗಿಯೇ ನುಡಿಯಿತು! ಹೆಸರು ಬದಲಾದುದರಿಂದ ಗಿರಾಕಿಗಳು ಓಡಿಹೋಗಲಿಲ್ಲ. ೧೯೭೮ರಲ್ಲಿ ಬಂದ ರೋಡ್‌ಕಿಂಗ್ ಮಾದರಿ ಜಾವಾದಷ್ಟೇ ಹೆಸರಾಯಿತು. ಜನರ ವಿಶ್ವಾಸ ಪರದೇಶದ ಗುರುತಿನ ಮೇಲೆ ನಿಂತಿರಲಿಲ್ಲವೆನ್ನಲು ಇದಕ್ಕಿಂತ ಪ್ರಬಲವಾದ ಆಧಾರ ಬೇಕಾಗಿಲ್ಲ. ೧೯೮೦ರ ದಶಕದ ಮಧ್ಯದಿಂದ ಜಪಾನಿ ಸಹಯೋಗದ ೧೦೦ ಸಿ.ಸಿ. ಗಾಡಿಗಳು ಕಡಮೆ ಪೆಟ್ರೋಲಿನಲ್ಲಿ ಓಡುತ್ತ ಬಂದವು. ಯಾದವಗಿರಿಯ ಕಾರ್ಖಾನೆ ೧೯೯೬ರಲ್ಲಿ ಮುಚ್ಚಿತು.

ಹೆಸರುಗಳು ಮುಚ್ಚಲಿಲ್ಲ. ಕ್ಲಾಸಿಕ್ ಲೆಜೆಂಡ್ಸ್ ಎಂಬ ಹೊಸ ಸಂಸ್ಥೆ ೨೦೧೮ರಲ್ಲಿ ಜಾವಾವನ್ನೂ ೨೦೨೨ರಲ್ಲಿ ಯೆಜ್ಡಿಯನ್ನೂ ಬೇರೆ ಎಂಜಿನ್ನುಗಳೊಡನೆ ಮತ್ತೆ ಮಾರುಕಟ್ಟೆಗೆ ತಂದಿತು. ಯೆಜ್ಡಿ ಎಂಬ ಹೆಸರು ಯಾರದು ಎಂಬ ವ್ಯಾಜ್ಯದಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯದ ಏಕಸದಸ್ಯ ಪೀಠವು ೨೦೨೨ರ ಡಿಸೆಂಬರಿನಲ್ಲಿ, ಅದು ಸಮಾಪನೆಯಲ್ಲಿದ್ದ ಹಳೆಯ ಮೈಸೂರು ಕಂಪನಿಯ ಆಸ್ತಿಯೆಂದು ತೀರ್ಪಿತ್ತಿತು. ವ್ಯಾಜ್ಯ ಮೇಲ್ಮನವಿಗೆ ಹೋಯಿತು. ಔಗುಸ್ಟ್ ಹೋರ್ಷ್‌ನ ಪ್ರಕರಣ ನೂರು ವರ್ಷಗಳ ಮೇಲೆ ಬೆಂಗಳೂರಿನಲ್ಲಿ ಮರುಕಳಿಸಿದಂತೆ ನಮಗೆ ತೋರುತ್ತದೆ.

ಕೆಮ್ನಿಟ್ಸಿನ ಕಾರ್ಖಾನೆಗಳಲ್ಲಿ ದುಡಿದವರ ಲೆಕ್ಕ ಸಂಪೂರ್ಣವಾಗಿ ಬರೆಹಕ್ಕೆ ಬರಲು ಯುದ್ಧ ಮುಗಿದು ಸುಮಾರು ೭೦ ವರ್ಷ ಹಿಡಿಯಿತು. ಅಷ್ಟರಲ್ಲಿ ಸಾಕ್ಷಿಗಳಲ್ಲಿ ಬಹುಮಂದಿ ತೀರಿಹೋಗಿದ್ದರು. ಯಾದವಗಿರಿಯಲ್ಲಿ ೧೯೬೧ರಲ್ಲಿ ಇಪ್ಪತ್ತರ ಪ್ರಾಯದವರಾಗಿದ್ದವರು ಈಗ ಎಂಬತ್ತನ್ನು ದಾಟಿದ್ದಾರೆ. ನಮ್ಮ ವಿದ್ಯಾರ್ಥಿಗಳು ಮುಂದಿನ ಬೇಸಗೆಯ ರಜೆಯಲ್ಲಿ ಅಂತಹವರನ್ನು ಹುಡುಕಿ, ಯಾವ ವಿಭಾಗದಲ್ಲಿ ಏನು ಕೆಲಸ ಮಾಡಿದರು, ಯಾರಿಂದ ಕಲಿತರು, ಸಂಬಳವೆಷ್ಟಿದ್ದಿತು, ಬಾಗಿಲು ಮುಚ್ಚಿದ ದಿನ ಏನಾಯಿತು ಎಂಬುದನ್ನು ಅವರ ಮಾತುಗಳಲ್ಲಿಯೇ ಬರೆದುಕೊಳ್ಳಬೇಕೆಂದು ಗೊತ್ತುಮಾಡಿದ್ದೇವೆ. ಕವಲಂದೆಯ ಮಿಸ್ತ್ರಿಯಿಂದ ಆರಂಭಿಸಬಹುದು; ತನ್ನ ಚಿಕ್ಕಪ್ಪ ಅಲ್ಲಿ ಕೆಲಸಕ್ಕಿದ್ದರೆಂದು, ನಾವು ಹೊರಡುವ ಹೊತ್ತಿಗೆ, ಆತನು ಹೇಳಿದನು.