ಬಾಗಿಲು ಮುಚ್ಚಿದ ಒಂದು ವಾರ

ನಮ್ಮ ಅಜ್ಜಿಗೆ ಬ್ಯಾಂಕು ಎಂದರೆ ನಂಬಿಕೆಯಿರಲಿಲ್ಲ. ಕೈಗೆ ಬಂದ ಕಾಸನ್ನೆಲ್ಲ ಬಟ್ಟೆಯಲ್ಲಿ ಗಂಟು ಕಟ್ಟಿ ಸಾಸಿವೆ ಡಬ್ಬಿಯ ತಳದಲ್ಲಿ ಇಡುತ್ತಿದ್ದಳು. ಅಜ್ಜ ದುಡಿದು ಕೂಡಿಸಿದ ಹಣವನ್ನೆಲ್ಲ ನಂಬಿ ಇಟ್ಟಿದ್ದ ಒಂದು ಸಣ್ಣ ಬ್ಯಾಂಕು ಒಂದು ದಿನ ಬೆಳಗ್ಗೆ ಬಾಗಿಲು ತೆರೆಯಲೇ ಇಲ್ಲವಂತೆ. “ಹೋಗಿ ಬೀಗ ನೋಡಿಕೊಂಡು ಬಂದರು. ಯಾಕೆ ಏನು ಅಂತ ಒಬ್ಬರೂ ಹೇಳಲಿಲ್ಲ” ಎನ್ನುತ್ತಿದ್ದಳು. ಹಣ ಹೋದ ಸಂಕಟವನ್ನು ಆಕೆ ಹೇಗೋ ನುಂಗಿಕೊಂಡಿದ್ದಳು. ಯಾರೂ ಒಂದು ಮಾತು ಹೇಳಲಿಲ್ಲವೆಂಬುದನ್ನು ಮಾತ್ರ ಕೊನೆಯವರೆಗೂ ಮರೆಯಲಿಲ್ಲ.

1933ರ ಮಾರ್ಚ್ ತಿಂಗಳಲ್ಲಿ ಅಮೆರಿಕದ ಅಧ್ಯಕ್ಷ ಪದವಿಗೆ ಬಂದ ಫ್ರಾಂಕ್ಲಿನ್ ರೂಸ್‌ವೆಲ್ಟರ ಮೊದಲ ದಿನಗಳ ಚರಿತ್ರೆಯನ್ನು ಓದುವಾಗಲೆಲ್ಲ ನನಗೆ ಆ ಸಾಸಿವೆ ಡಬ್ಬಿ ನೆನಪಿಗೆ ಬರುತ್ತದೆ.

ರೂಸ್‌ವೆಲ್ಟ್ ಚುನಾವಣೆಯಲ್ಲಿ ಗೆದ್ದದ್ದು 1932ರ ನವೆಂಬರಿನಲ್ಲಿ. ಆದರೆ ಅಂದಿನ ಪದ್ಧತಿಯಂತೆ ಅಧಿಕಾರ ಕೈಗೆ ಬರಲು ಮಾರ್ಚ್ 4ರವರೆಗೆ ಕಾಯಬೇಕಾಗಿತ್ತು. ಆ ನಾಲ್ಕು ತಿಂಗಳು ದೇಶಕ್ಕೆ ಯಜಮಾನನೇ ಇಲ್ಲದಂತಾಯಿತು. ಇಳಿಯಲಿದ್ದ ಅಧ್ಯಕ್ಷ ಹೂವರ್ “ಇಬ್ಬರೂ ಕೂಡಿ ಏನಾದರೂ ಮಾಡೋಣ” ಎಂಬ ಧಾಟಿಯಲ್ಲಿ ಕೇಳಿದರು, ಏರಲಿದ್ದವರು ಒಪ್ಪಲಿಲ್ಲ. ತಪ್ಪು ಯಾರದೆಂದು ಚರಿತ್ರಕಾರರು ಇಂದಿಗೂ ವಾದಿಸುತ್ತಾರೆ. ಅಷ್ಟರಲ್ಲಿ ದುಡಿಯುವ ನಾಲ್ವರಲ್ಲಿ ಒಬ್ಬನಿಗೆ ಕೆಲಸವಿರಲಿಲ್ಲ. ಫೆಬ್ರವರಿ 14ರಂದು ಮಿಷಿಗನ್ ಸಂಸ್ಥಾನದ ಬ್ಯಾಂಕುಗಳೆಲ್ಲ ಮುಚ್ಚಿದವು. ಭಯ ಒಂದು ಸಂಸ್ಥಾನದಿಂದ ಇನ್ನೊಂದಕ್ಕೆ ಹರಡಿ, ಮಾರ್ಚ್ 4ರ ಶನಿವಾರ ಬೆಳಗಾಗುವ ಮುನ್ನವೇ ನ್ಯೂಯಾರ್ಕಿನ ಗವರ್ನರೂ ಬ್ಯಾಂಕುಗಳಿಗೆ ಬೀಗ ಹಾಕಿಸಿದರು. ಅದೇ ದಿನ ನಡುಹಗಲು ರೂಸ್‌ವೆಲ್ಟ್ ಪ್ರಮಾಣವಚನ ಸ್ವೀಕರಿಸಿದರು.

ನಾವು ಹೆದರಬೇಕಾದದ್ದು ಹೆದರಿಕೆಗೆ ಮಾತ್ರ ಎಂದು ಆ ದಿನ ಅವರು ಆಡಿದ ಮಾತು ಜಗತ್ಪ್ರಸಿದ್ಧ. ಆದರೆ ಜನ ಹೆಚ್ಚು ಚಪ್ಪಾಳೆ ತಟ್ಟಿದ್ದು ಆ ಮಾತಿಗಲ್ಲ. ಅಗತ್ಯ ಬಿದ್ದರೆ, ಶತ್ರು ದಂಡೆತ್ತಿ ಬಂದಾಗ ಕೊಡುವಂಥ ವಿಶಾಲ ಅಧಿಕಾರವನ್ನು ಕಾಂಗ್ರೆಸ್ ಸಭೆಯಿಂದ ಕೇಳುತ್ತೇನೆ ಎಂದಾಗ ಸಭೆ ಗುಡುಗಿತು. ಇದನ್ನು ಕಂಡ ಅಧ್ಯಕ್ಷರ ಪತ್ನಿ ಎಲಿನಾರ್ ಅವರಿಗೆ ಕೊಂಚ ಭಯವೇ ಆಯಿತಂತೆ. ಆ ಭಯ ನಿರಾಧಾರವಾಗಿರಲಿಲ್ಲ.

ಆ ವಾರದ ಪತ್ರಿಕೆಗಳನ್ನು ಮುಂದೆ ಹರಡಿಕೊಂಡು ಕುಳಿತ ಓದುಗನೊಬ್ಬನನ್ನು ಊಹಿಸಿಕೊಳ್ಳಿ. ಶನಿವಾರ, ಜಪಾನಿನ ಸೇನೆ ಚೀನದ ಜೆಹೋಲ್ ಪ್ರಾಂತದ ರಾಜಧಾನಿಯನ್ನು ಹಿಡಿಯಿತು. ಅದೇ ದಿನ ಆಸ್ಟ್ರಿಯದ ಪಾರ್ಲಿಮೆಂಟು ಮುರಿದುಬಿತ್ತು. ಪ್ರಧಾನಿ ಡಾಲ್‌ಫಸ್ ಅದನ್ನು ಮತ್ತೆ ಸೇರಗೊಡಲಿಲ್ಲ. ಭಾನುವಾರ ಜರ್ಮನಿಯ ಚುನಾವಣೆಯಲ್ಲಿ ಹಿಟ್ಲರನ ಪಕ್ಷಕ್ಕೆ ನೂರಕ್ಕೆ ಸುಮಾರು 44 ಮತ ಬಿತ್ತು. ಸೋಮವಾರ ಷಿಕಾಗೋ ನಗರದ ಮೇಯರ್ ಸೆರ್ಮಾಕ್ ಆಸ್ಪತ್ರೆಯಲ್ಲಿ ತೀರಿಕೊಂಡರು. ಮೂರು ವಾರದ ಹಿಂದೆ ಮಯಾಮಿಯಲ್ಲಿ ರೂಸ್‌ವೆಲ್ಟರಿಗೆ ಗುರಿಯಿಟ್ಟ ಗುಂಡು ತಗಲಿದ್ದು ಅವರಿಗೆ. ಶುಕ್ರವಾರ ಸಂಜೆ ಕ್ಯಾಲಿಫೋರ್ನಿಯದ ಲಾಂಗ್ ಬೀಚಿನಲ್ಲಿ ಭೂಮಿ ನಡುಗಿ ನೂರಕ್ಕೂ ಹೆಚ್ಚು ಜನ ಸತ್ತರು. ಆಗ ಅದೇ ಸೀಮೆಯಲ್ಲಿದ್ದ ಐನ್‌ಸ್ಟೈನ್ ತಾವು ಇನ್ನು ಜರ್ಮನಿಗೆ ಹಿಂದಿರುಗುವುದಿಲ್ಲವೆಂದು ತಿಳಿಸಿದ್ದೂ ಆ ಶುಕ್ರವಾರವೇ. ಇಷ್ಟನ್ನೂ ಓದಿ ಮುಗಿಸಿದ ಆ ಓದುಗನ ಜೇಬಿನಲ್ಲಿ ಮರುದಿನದ ಪತ್ರಿಕೆಗೆ ಚಿಲ್ಲರೆ ಇದ್ದಿತೋ ಇಲ್ಲವೋ!

ಏಕೆಂದರೆ ಸೋಮವಾರ ನಸುಕಿಗೆ ಮುನ್ನ, ಒಂದು ಗಂಟೆಯ ಹೊತ್ತಿಗೆ, ರೂಸ್‌ವೆಲ್ಟ್ ಇಡೀ ದೇಶದ ಬ್ಯಾಂಕುಗಳಿಗೆ ರಜೆ ಸಾರಿದ್ದರು. ಆಧಾರವಾಗಿ ದೊರೆತದ್ದು 1917ರ ಯುದ್ಧಕಾಲದಲ್ಲಿ ಶತ್ರುಗಳೊಡನೆ ವ್ಯಾಪಾರ ತಡೆಯಲು ಮಾಡಿದ್ದ ಹಳೆಯ ಕಾನೂನು. ಅಂಗಡಿಗಳಲ್ಲಿ ಸಾಲದ ಚೀಟಿ ಓಡಾಡಿತು. ಹೊಸ ಹಣಕಾಸಿನ ಸಚಿವ ವುಡಿನ್ ಸಂಗೀತಪ್ರಿಯರು; ಅಧ್ಯಕ್ಷರ ಹೆಸರಿನಲ್ಲಿ ಒಂದು ವಾದ್ಯಗೀತವನ್ನೇ ರಚಿಸಿದ್ದವರು. ಅವರ ಪಕ್ಕದಲ್ಲಿ ಕುಳಿತು ಹಗಲಿರುಳು ದುಡಿದವರು ಹೂವರ್ ಸರ್ಕಾರದಲ್ಲಿ ಅದೇ ಪದವಿಯಲ್ಲಿದ್ದ ಮಿಲ್ಸ್. ಸೋತ ಪಕ್ಷದವರು ಗೆದ್ದವರ ಮನೆಯ ಬೆಂಕಿ ಆರಿಸಲು ನಿಂತದ್ದು ಆ ವಾರದ ಸಣ್ಣ ಸುದ್ದಿಯೇನಲ್ಲ.

ಬುಧವಾರ ಅಧ್ಯಕ್ಷರು ಪತ್ರಕರ್ತರನ್ನು ಕರೆದರು. ಹೂವರ್ ಕಾಲದಲ್ಲಿ ಪ್ರಶ್ನೆಗಳನ್ನು ಮುಂಚೆಯೇ ಬರೆದು ಕೊಡಬೇಕಾಗಿತ್ತು. ಇವರು ಬಾಯಲ್ಲೇ ಕೇಳಿ ಎಂದರು. ಗುರುವಾರ ಕಾಂಗ್ರೆಸ್ ಸೇರಿತು. ಬ್ಯಾಂಕುಗಳ ಮಸೂದೆಯ ಪ್ರತಿಗಳನ್ನು ಹಂಚಲು ಕೂಡ ವ್ಯವಧಾನವಿರಲಿಲ್ಲ. ಮನೆಗೆ ಬೆಂಕಿ ಬಿದ್ದಿದೆ, ಆರಿಸುವ ದಾರಿ ಇದೆಂದು ಅಧ್ಯಕ್ಷರು ಹೇಳುತ್ತಾರೆ ಎಂಬರ್ಥದಲ್ಲಿ ವಿರೋಧ ಪಕ್ಷದ ನಾಯಕರೇ ಮಾತಾಡಿದರು. ಕೆಳಮನೆಯಲ್ಲಿ ಚರ್ಚೆ ನಡೆದದ್ದು ಮುಕ್ಕಾಲು ಗಂಟೆಯೂ ಇಲ್ಲ. ಸೆನೆಟ್ಟಿನಲ್ಲಿ 73ಕ್ಕೆ 7. ರಾತ್ರಿ ಒಂಬತ್ತಾಗುವ ಮುನ್ನವೇ ಅದು ಕಾನೂನಾಗಿತ್ತು. ಓದದೆ ಒಪ್ಪಿದ ಕಾನೂನನ್ನು ಮೆಚ್ಚುವುದು ಕಷ್ಟ, ನಾನೂ ಮೆಚ್ಚಲಾರೆ.

ಆದರೆ ಭಾನುವಾರ, ಮಾರ್ಚ್ 12ರ ರಾತ್ರಿ ನಡೆದದ್ದನ್ನು ನೋಡಿ. ರೂಸ್‌ವೆಲ್ಟ್ ರೇಡಿಯೋದ ಮುಂದೆ ಕುಳಿತರು. ಸುಮಾರು 6 ಕೋಟಿ ಜನ ಕೇಳಿದರೆಂದು ಅಂದಾಜು. ಕಾಲು ಗಂಟೆಯೂ ಹಿಡಿಯದ ಆ ಮಾತಿನಲ್ಲಿ ಗುಡುಗಿರಲಿಲ್ಲ. ನೀವು ಕೊಟ್ಟ ಹಣವನ್ನು ಬ್ಯಾಂಕು ಪೆಟ್ಟಿಗೆಯಲ್ಲಿಟ್ಟು ಕಾಯುವುದಿಲ್ಲ. ಮನೆ, ಹೊಲ, ಕಾರ್ಖಾನೆಗಳಿಗೆ ಸಾಲವಾಗಿ ಕೊಡುತ್ತದೆ. ಎಲ್ಲರೂ ಒಂದೇ ದಿನ ಬಂದು ಕೇಳಿದರೆ ಎಂಥ ಗಟ್ಟಿ ಬ್ಯಾಂಕೂ ಕೊಡಲಾರದು. ಇದನ್ನು ಮೇಷ್ಟರು ಮಗುವಿಗೆ ಲೆಕ್ಕ ಹೇಳಿಕೊಡುವ ಹಾಗೆ ಹೇಳಿದರು. ನಾಳೆ ಯಾವ ಊರಿನ ಬ್ಯಾಂಕು ತೆರೆಯುತ್ತದೆ, ನಾಡಿದ್ದು ಯಾವುದು, ಕೆಲವು ಏಕೆ ತಡವಾಗುತ್ತವೆ ಎಂಬುದನ್ನೂ ವಿವರಿಸಿದರು. ಎಲ್ಲ ಬ್ಯಾಂಕೂ ಉಳಿಯುತ್ತದೆಂದು ಆಣೆಯಿಡಲಿಲ್ಲ.

ಸೋಮವಾರ ಬಾಗಿಲು ತೆರೆದಾಗ ಜನ ಸಾಲುಗಟ್ಟಿ ನಿಂತರು. ಬಹುಮಂದಿ ಬಂದದ್ದು ಹಣ ಬಿಡಿಸಿಕೊಳ್ಳಲಿಕ್ಕಲ್ಲ, ಮರಳಿ ಕಟ್ಟಲಿಕ್ಕೆ. ಮಾತೊಂದೇ ಈ ಪವಾಡ ಮಾಡಿತೆನ್ನಲಾಗದು. ಬಚ್ಚಿಟ್ಟ ಚಿನ್ನ ಹಿಂತಿರುಗಿಸದವರ ಹೆಸರು ಪ್ರಕಟಿಸುವ ಬೆದರಿಕೆಯೂ, ಹೊಸ ನೋಟು ಅಚ್ಚುಹಾಕುವ ಏರ್ಪಾಡೂ ಹಿಂದೆ ಇದ್ದವು. ಸಾವಿರಾರು ಬ್ಯಾಂಕುಗಳು ಮತ್ತೆ ತೆರೆಯಲೇ ಇಲ್ಲ. ಅವುಗಳನ್ನು ನಂಬಿದವರ ಮನೆಯಲ್ಲಿ ಆ ದಿನ ಹಬ್ಬವಾಗಿರಲಾರದು.

ಅದೇ ತಿಂಗಳ 23ರಂದು ಬರ್ಲಿನ್ನಿನಲ್ಲೂ ಒಬ್ಬ ಹೊಸ ಮುಖಂಡ ಭಯಗೊಂಡ ಜನರ ಹೆಸರಿನಲ್ಲಿ ವಿಶೇಷಾಧಿಕಾರ ಕೇಳಿದ. ಕಮ್ಯುನಿಸ್ಟ್ ಸದಸ್ಯರು ಸೆರೆಯಲ್ಲಿ, ಇಲ್ಲವೆ ತಲೆಮರೆಸಿಕೊಂಡು; ಸಭೆಯ ಸುತ್ತ ಸಮವಸ್ತ್ರದ ಪಡೆ; ಮತ 444ಕ್ಕೆ 94. ಎರಡು ದೇಶಗಳ ಬೇಡಿಕೆಯೂ ಮೇಲುನೋಟಕ್ಕೆ ಒಂದೇ. ಒಬ್ಬನು ಜನರ ಭಯಕ್ಕೆ ಹಗೆಯೊಬ್ಬನನ್ನು ತೋರಿಸಿಕೊಟ್ಟ. ಮತ್ತೊಬ್ಬರು ಕಾರಣ ತಿಳಿಸಿಕೊಟ್ಟರು. ಒಬ್ಬನು ಎದುರು ಮಾತಾಡುವ ಬಾಯನ್ನು ಮುಚ್ಚಿಸಿದ. ಮತ್ತೊಬ್ಬರು ಪ್ರಶ್ನೆ ಕೇಳಿ ಎಂದರು. ಆಪತ್ಕಾಲದಲ್ಲಿ ಅಧಿಕಾರ ಕೇಳುವವರನ್ನು ಅಳೆಯಲು ಇದಕ್ಕಿಂತ ಸರಳವಾದ ಕೋಲು ನನಗೆ ತಿಳಿಯದು.

ಅದೇ ವರ್ಷ ಜೂನಿನಲ್ಲಿ ಅಮೆರಿಕ ಠೇವಣಿಗಳಿಗೆ ವಿಮೆಯ ಕಾನೂನು ಮಾಡಿತು. ರೂಸ್‌ವೆಲ್ಟರಿಗೆ ಮೊದಲು ಅದು ಇಷ್ಟವಿರಲಿಲ್ಲವೆಂಬುದು ಚರಿತ್ರೆಯ ವಿನೋದ. ನಮ್ಮಲ್ಲಿ 1960ರಲ್ಲಿ ಕೇರಳದ ಪಾಲಾಯಿ ಸೆಂಟ್ರಲ್ ಬ್ಯಾಂಕು ಮುಳುಗಿದ ಮೇಲೆ ಎಚ್ಚರವಾಯಿತು. 1962ರ ಜನವರಿ 1ರಿಂದ ಪ್ರತಿ ಠೇವಣಿದಾರನಿಗೆ 1,500 ರೂಪಾಯಿಯವರೆಗೆ ವಿಮೆ ಬಂದಿತು. 2020ರಲ್ಲಿ ಅದು 5 ಲಕ್ಷಕ್ಕೆ ಏರಿತು.

ಈ ವಿಮೆಯ ಸುದ್ದಿಯನ್ನು ನಾನೊಮ್ಮೆ ಅಜ್ಜಿಗೆ ಬಿಡಿಸಿ ಹೇಳಿದ್ದೆ. ಆಕೆ ಗಮನವಿಟ್ಟು ಕೇಳಿದಳು. “ಇಷ್ಟನ್ನು ಆಗಲೇ ಯಾರಾದರೂ ನಿಮ್ಮ ತಾತನಿಗೆ ಹೇಳಬಾರದಿತ್ತೆ?” ಎಂದಳು. ಆಮೇಲೆ ಎದ್ದುಹೋಗಿ ಒಗ್ಗರಣೆಗೆ ಸಾಸಿವೆ ತೆಗೆದಳು. ಡಬ್ಬಿಯ ಗಂಟು ಮಾತ್ರ ಅಲ್ಲೇ ಇತ್ತು.