ಯಾರ್ಡ್ ಮುಚ್ಚಿದರೂ ಮಣ್ಣಿನಲ್ಲುಳಿಯುವ ವಿಷ: ಏನಿದು ಸ್ಥಳದ ಪರಿಸರ ತಪಾಸಣೆ?

ರೈಲು ಬೋಗಿ, ಬಸ್ಸು, ಯಂತ್ರಗಳನ್ನು ನಿಲ್ಲಿಸುವ ಹಾಗೂ ದುರಸ್ತಿ ಮಾಡುವ ಯಾರ್ಡುಗಳು ಒಂದಲ್ಲ ಒಂದು ದಿನ ಮುಚ್ಚುತ್ತವೆ. ಶೆಡ್ಡು ಕೆಡವಿ, ಹಳಿ ಕಿತ್ತ ಬಳಿಕ ಅದು ಖಾಲಿ ಜಾಗದಂತೆಯೇ ತೋರುತ್ತದೆ. ಆದರೆ ದಶಕಗಳ ಕಾಲ ಸೋರಿದ ಎಣ್ಣೆ, ದ್ರಾವಕ, ಬ್ಯಾಟರಿಯ ಸೀಸ ಮಣ್ಣಿನಲ್ಲೇ ಉಳಿದಿರುತ್ತವೆ. ಅದನ್ನು ಪತ್ತೆ ಹಚ್ಚುವ ಕ್ರಮಬದ್ಧ ವಿಧಾನವೇ ಸ್ಥಳದ ಪರಿಸರ ತಪಾಸಣೆ. ಪರಿಸರ ಪರಿಣಾಮ ಅಧ್ಯಯನವು ಮುಂದೆ ಬರುವ ಯೋಜನೆಯಿಂದಾಗುವ ಹಾನಿಯನ್ನು ಅಂದಾಜಿಸಿದರೆ, ಇದು ಈಗಾಗಲೇ ಆಗಿಹೋದ ಹಾನಿಯನ್ನು ಹುಡುಕುತ್ತದೆ.

ಮೂರು ಹಂತಗಳು

ಮೊದಲ ಹಂತದಲ್ಲಿ ಮಣ್ಣು ಅಗೆಯುವುದಿಲ್ಲ. ಹಳೆಯ ನಕ್ಷೆ, ವೈಮಾನಿಕ ಚಿತ್ರ, ಪರವಾನಗಿ ದಾಖಲೆಗಳನ್ನು ಪರಿಶೀಲಿಸಲಾಗುತ್ತದೆ. ನೆಲದಡಿಯ ಇಂಧನ ಟ್ಯಾಂಕ್, ಕಪ್ಪು ಕಲೆಗಟ್ಟಿದ ನೆಲ, ಹುಲ್ಲೂ ಬೆಳೆಯದ ತಾಣ, ಚರಂಡಿ ಹರಿಯುವ ದಿಕ್ಕು ಇತ್ಯಾದಿಗಳನ್ನು ಸ್ಥಳದಲ್ಲೇ ಗುರುತಿಸಿ, ಹಿಂದೆ ಅಲ್ಲಿ ದುಡಿದವರನ್ನು ವಿಚಾರಿಸಲಾಗುತ್ತದೆ. ಅನುಮಾನ ಮೂಡಿದಲ್ಲಿ ಎರಡನೇ ಹಂತದಲ್ಲಿ ಮಣ್ಣು ಮತ್ತು ಅಂತರ್ಜಲದ ಮಾದರಿಗಳನ್ನು ಪ್ರಯೋಗಾಲಯಕ್ಕೆ ಕಳುಹಿಸಲಾಗುತ್ತದೆ. ಮಾಲಿನ್ಯ ಖಚಿತವಾದರೆ, ಅದರ ವ್ಯಾಪ್ತಿ ಅಳೆದು ಶುದ್ಧೀಕರಣ ಯೋಜನೆ ರೂಪಿಸುವುದು ಮೂರನೇ ಹಂತ.

ಅಮೆರಿಕದಲ್ಲಿ 1980ರ ‘ಸೂಪರ್‌ಫಂಡ್’ ಕಾಯ್ದೆಯು ಹಳೆಯ ಮಾಲಿನ್ಯದ ಹೊಣೆಯನ್ನು ಜಾಗದ ಹಾಲಿ ಮಾಲೀಕರ ಮೇಲೂ ಹೊರಿಸಿದ ನಂತರ, ಭೂಮಿ ಖರೀದಿಗೆ ಮುನ್ನ ಇಂಥ ತಪಾಸಣೆ ನಡೆಸುವುದು ಅಲ್ಲಿ ರೂಢಿಯಾಯಿತು.

ಪೇಯೋಲಿ ಯಾರ್ಡಿನ ಪಾಠ

ತಪಾಸಣೆ ತಡವಾದರೆ ಏನಾಗುತ್ತದೆ ಎಂಬುದಕ್ಕೆ ಪೆನ್ಸಿಲ್ವೇನಿಯಾದ ಫಿಲಡೆಲ್ಫಿಯಾ ಸಮೀಪವಿರುವ ಪೇಯೋಲಿ ರೈಲು ಯಾರ್ಡ್ ನಿದರ್ಶನ. ಸುಮಾರು 28 ಎಕರೆಯ ಈ ಯಾರ್ಡಿನಲ್ಲಿ 1915ರಿಂದ 1994ರವರೆಗೆ ವಿದ್ಯುತ್ ರೈಲು ಬೋಗಿಗಳ ನಿಲುಗಡೆ ಹಾಗೂ ದುರಸ್ತಿ ನಡೆಯಿತು. ಬೋಗಿಗಳ ಟ್ರಾನ್ಸ್‌ಫಾರ್ಮರ್‌ಗಳಲ್ಲಿ ತುಂಬಿದ್ದ ಪಾಲಿಕ್ಲೋರಿನೇಟೆಡ್ ಬೈಫಿನೈಲ್ (ಪಿಸಿಬಿ) ದ್ರವ ದುರಸ್ತಿಯ ವೇಳೆ ನೆಲಕ್ಕೆ ಸೋರಿತು. ಕ್ಯಾನ್ಸರ್‌ಕಾರಕವಾದ ಈ ರಾಸಾಯನಿಕ ಸುಲಭವಾಗಿ ಕೊಳೆಯುವುದಿಲ್ಲ; ಮಣ್ಣಿನ ಕಣಗಳಿಗೆ ಅಂಟಿಕೊಂಡು, ಮಳೆನೀರಿನೊಡನೆ ಹರಿದು, ಮೀನಿನ ದೇಹದ ಕೊಬ್ಬಿನಲ್ಲಿ ಶೇಖರವಾಗುತ್ತದೆ. ಯಾರ್ಡಿನಿಂದ ಇಳಿದ ನೀರು ತಗ್ಗಿನ ಮನೆಗಳ ಅಂಗಳಗಳನ್ನೂ ತೊರೆಗಳನ್ನೂ ತಲುಪಿತ್ತು.

1990ರಲ್ಲಿ ಈ ಜಾಗ ಸೂಪರ್‌ಫಂಡ್ ಆದ್ಯತಾ ಪಟ್ಟಿಗೆ ಸೇರಿತು. 1992ರಲ್ಲಿ ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯು ಶುದ್ಧೀಕರಣದ ಮಿತಿಗಳನ್ನು ನಿಗದಿಪಡಿಸಿತು. ಹತ್ತು ಲಕ್ಷ ಭಾಗ ಮಣ್ಣಿನಲ್ಲಿ ಪಿಸಿಬಿ ಪ್ರಮಾಣ ಯಾರ್ಡಿನೊಳಗೆ 25 ಭಾಗ, ಮನೆಗಳ ಅಂಗಳದಲ್ಲಿ ಸರಾಸರಿ 2 ಭಾಗ, ತೊರೆಯ ಹೂಳಿನಲ್ಲಿ 1 ಭಾಗ ಮೀರುವಂತಿರಲಿಲ್ಲ. ಒಂದೇ ವಿಷಕ್ಕೆ ಮೂರು ಮಿತಿ ಏಕೆಂದರೆ, ಮಗು ಆಡುವ ಅಂಗಳ ಮತ್ತು ಹಳಿಗಳ ನಡುವಿನ ನೆಲಗಳ ಬಳಕೆ ಬೇರೆ ಬೇರೆ.

ಯಾರ್ಡಿನಲ್ಲಿ ದುಡಿದವರು ಹಾಗೂ ನೆರೆಯ ನಿವಾಸಿಗಳು ಪರಿಹಾರ ಕೋರಿ ನ್ಯಾಯಾಲಯದ ಮೆಟ್ಟಿಲೇರಿದರು. ತಜ್ಞರ ಸಾಕ್ಷ್ಯ ಎಷ್ಟರಮಟ್ಟಿಗೆ ಒಪ್ಪಿತ ಎಂಬ ಪ್ರಶ್ನೆಯಲ್ಲೇ ವರ್ಷಗಳು ಉರುಳಿದವು. ಕೊನೆಗೆ ವಿಚಾರಣೆಗೆ ಬಂದ ಅರ್ಜಿದಾರರು ಸೋತರು. 1997ರಲ್ಲಿ ಮೇಲ್ಮನವಿ ನ್ಯಾಯಾಲಯ ಆ ತೀರ್ಪನ್ನು ಎತ್ತಿಹಿಡಿಯಿತು. ಮಣ್ಣಿನಲ್ಲಿ ವಿಷವಿದೆ ಎಂದು ತೋರಿಸುವುದಕ್ಕಿಂತ, ಅದು ತಮ್ಮ ದೇಹವನ್ನು ಹೊಕ್ಕಿದೆ ಎಂದು ವರ್ಷಗಳ ಬಳಿಕ ಸಾಬೀತುಪಡಿಸುವುದು ಕಠಿಣ ಎಂಬುದನ್ನು ಈ ಪ್ರಕರಣ ತೋರಿಸಿಕೊಟ್ಟಿತು.

ಭಾರತದಲ್ಲಿ ಏನಾಗಿದೆ?

ಪಿಸಿಬಿ ತಯಾರಿಕೆ ಮತ್ತು ಆಮದನ್ನು ಕೇಂದ್ರ ಸರ್ಕಾರ 2016ರ ಆದೇಶದ ಮೂಲಕ ನಿಷೇಧಿಸಿ, ಬಳಕೆ ನಿಲ್ಲಿಸಲು 2025ರ ಡಿಸೆಂಬರ್ 31ರ ಗಡುವು ವಿಧಿಸಿತ್ತು. ದೇಶದಲ್ಲಿ ಪಿಸಿಬಿ ವಿಲೇವಾರಿಗಾಗಿ ವಿಶ್ವಸಂಸ್ಥೆಯ ಕೈಗಾರಿಕಾ ಅಭಿವೃದ್ಧಿ ಸಂಘಟನೆ ಕೈಗೊಂಡ ಯೋಜನೆಯಲ್ಲಿ ಬೆಂಗಳೂರಿನ ಕೇಂದ್ರೀಯ ವಿದ್ಯುತ್ ಸಂಶೋಧನಾ ಸಂಸ್ಥೆ ಪಾಲ್ಗೊಂಡಿದೆ.

ಮಲಿನಗೊಂಡ ನೆಲಕ್ಕೆಂದೇ ದೇಶದಲ್ಲಿ ಪ್ರತ್ಯೇಕ ನಿಯಮಾವಳಿ ಜಾರಿಗೆ ಬಂದದ್ದು 2025ರ ಜುಲೈನಲ್ಲಿ. ಅದರಂತೆ ಶಂಕಿತ ಸ್ಥಳಗಳ ಪಟ್ಟಿಯನ್ನು ಜಿಲ್ಲಾಡಳಿತ ನೀಡಬೇಕು. ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯು 90 ದಿನಗಳಲ್ಲಿ ಪ್ರಾಥಮಿಕ ತಪಾಸಣೆ, ಅಗತ್ಯವಿದ್ದಲ್ಲಿ ಮತ್ತೆ ಮೂರು ತಿಂಗಳಲ್ಲಿ ವಿಸ್ತೃತ ತಪಾಸಣೆ ನಡೆಸಬೇಕು. ವೆಚ್ಚದ ಹೊಣೆ ಮಾಲಿನ್ಯ ಉಂಟುಮಾಡಿದವರದು.

ನಗರಗಳು ಬೆಳೆದಂತೆ ಹಳೆಯ ಡಿಪೋ, ಗೋದಾಮು, ಯಾರ್ಡುಗಳ ಜಾಗದಲ್ಲಿ ವಸತಿ ಸಮುಚ್ಚಯಗಳು ಏಳುವುದು ಸಹಜ. ಅಂಥ ಜಾಗ ಕೊಳ್ಳುವವರು ಕ್ರಯಪತ್ರ, ಋಣಭಾರ ಪತ್ರಗಳನ್ನು ತಪ್ಪದೆ ಪರಿಶೀಲಿಸುತ್ತಾರೆ. ಈ ನೆಲದಲ್ಲಿ ಮೊದಲು ಏನು ನಡೆಯುತ್ತಿತ್ತು ಎಂಬ ಪ್ರಶ್ನೆಯೂ ಆ ಪಟ್ಟಿಗೆ ಸೇರಬೇಕಿದೆ. ಅಡಿಪಾಯ ಅಗೆಯುವ ಮುನ್ನ ಕೇಳಿದರೆ ಅದಕ್ಕೆ ತಗಲುವುದು ಕೆಲವು ವಾರಗಳು. ಪೇಯೋಲಿಯಲ್ಲಿ ತಗುಲಿದ್ದು ದಶಕಗಳು.