ಬಿಟ್ಟೇವಿ ಅಂದರ ಬಿಟ್ಟಂಗಾ?

ಮಾನ್ವಿ ಸೀಮೆಯ ಚೀಕಲಪರ್ವಿ ವಿಜಯದಾಸರ ಊರು. ಅವರು ಹುಟ್ಟಿದ್ದು 1682ರಲ್ಲಿ. ಬಡತನ ತಾಳದೆ ಮನೆ ಬಿಟ್ಟರು, ಕಾಶಿ ಕಂಡರು, ದಾಸರಾದರು ಎಂದು ಪರಂಪರೆ ಹೇಳುತ್ತದೆ. ಸಂಸ್ಕೃತದ ಗಂಟಲಲ್ಲಿ ಸಿಕ್ಕಿದ್ದ ದೇವರನ್ನು ಕನ್ನಡಕ್ಕೆ ಇಳಿಸಿದವರಲ್ಲಿ ಅವರೂ ಒಬ್ಬರು. ಸಣ್ಣ ಕೆಲಸವಲ್ಲ, ಒಪ್ಪುತ್ತೇವೆ. ಆದರೆ ಗೆಳೆಯರೆ, ಕನ್ನಡಕ್ಕೆ ಬಂದ ದೇವರು ಕೇರಿಗೆ ಬಂದನೆ? ದಾಸರು ಬಿಟ್ಟದ್ದು ಮನೆಯನ್ನು, ಮತವನ್ನಲ್ಲ. ತಿರುಗಿ ಬಂದರೆ ಅವರಿಗೆ ಬಾಗಿಲಿತ್ತು. ಬಾಗಿಲೊಳಗೆ ಎಂದೂ ಕಾಲಿಡದವನು 'ಬಿಟ್ಟು ಹೋಗತೀನಿ' ಅಂದದ್ದು ಬೇರೆಯೇ ಚರಿತ್ರೆ.

ನಾಸಿಕದ ಕಾಳಾರಾಮ ಗುಡಿಯ ಮುಂದೆ 1930ರಿಂದ ಸತ್ಯಾಗ್ರಹ ನಡೆಯಿತು. ಬಾಗಿಲು ತೆರೆಯಲಿಲ್ಲ. 1935ರ ಅಕ್ಟೋಬರ್ 13ರಂದು ಯೇವಲಾದಲ್ಲಿ ಬಾಬಾಸಾಹೇಬರು ಸಾರಿದರು: ಹಿಂದೂವಾಗಿ ಹುಟ್ಟಿದ್ದು ನನ್ನ ಕೈಯಲ್ಲಿರಲಿಲ್ಲ, ಹಿಂದೂವಾಗಿ ಸಾಯುವುದಿಲ್ಲ. ನಮ್ಮ ಹುಡುಗರು ಭಾಷಣದಲ್ಲಿ ಯೇವಲಾದಿಂದ ನಾಗಪುರಕ್ಕೆ ಒಂದೇ ನೆಗೆತಕ್ಕೆ ಹಾರುತ್ತಾರೆ. ನಡುವೆ 21 ವರ್ಷ ಇವೆಯಲ್ಲ, ಅವನ್ನು ಯಾರು ಓದಬೇಕು? 1936ರಲ್ಲಿ ಸಿಖ್ಖರ ದಾರಿಯನ್ನು ನೋಡಿದರು. 1950ರಲ್ಲಿ ಸಿಂಹಳಕ್ಕೆ, 1954ರಲ್ಲಿ ರಂಗೂನಿಗೆ ಹೋಗಿ ಬೌದ್ಧರ ನಡೆನುಡಿ ಕಂಡರು. ಬುದ್ಧನನ್ನು ಓದಿ ತಾವೇ ಗ್ರಂಥ ಬರೆದರು; ಅದು ಅಚ್ಚಾದದ್ದು ಅವರು ತೀರಿಕೊಂಡ ಮೇಲೆ, 1957ರಲ್ಲಿ. ಒಂದು ದೊಡ್ಡಿಯಿಂದ ಇನ್ನೊಂದು ದೊಡ್ಡಿಗೆ ಜನರನ್ನು ಅಟ್ಟಬಾರದೆಂದೇ ಇಷ್ಟು ತಡ ಎಂದು ನಮಗೆ ಕಾಣುತ್ತದೆ.

ಕೇರಿಯ ಹೆಂಗಸರು ಕೇಳುವ ಪ್ರಶ್ನೆಯೂ ಅದೇ. 'ಬಿಟ್ಟೇವಿ ಅಂತೀರಿ, ಕೂಸಿಗೆ ಹೆಸರಿಡೋದು ಹ್ಯಾಂಗ? ಸತ್ತರ ಮಣ್ಣು ಮಾಡೋದು ಹ್ಯಾಂಗ?' 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಲಕ್ಷಾಂತರ ಜನ ಮಾಡಿದ 22 ಪ್ರತಿಜ್ಞೆಗಳಲ್ಲಿ ಇದಕ್ಕೆ ಉತ್ತರವಿದೆ. ಶ್ರಾದ್ಧ ಮಾಡೆವು, ಪಿಂಡ ಇಡೆವು, ಬ್ರಾಹ್ಮಣರಿಂದ ಕರ್ಮ ಮಾಡಿಸೆವು. ಬುದ್ಧ ವಿಷ್ಣುವಿನ ಅವತಾರ ಎಂಬುದನ್ನು ನಂಬೆವು. ಈ ಕೊನೆಯದು ಬಹಳ ಮುಖ್ಯ. ದಶಾವತಾರದ ಪಟ್ಟಿಗೆ ಬುದ್ಧನನ್ನೂ ಸೇರಿಸಿಕೊಂಡ ಧರ್ಮ, ಬಿಟ್ಟು ಹೋದವನನ್ನೂ ಸುಮ್ಮನೆ ಬಿಡುವುದಿಲ್ಲ! ಬೇಡ ಅಂದದ್ದರ ಜೊತೆಗೇ ಬೇಕಾದ್ದನ್ನೂ ಅಲ್ಲಿ ಹೇಳಿದೆ: ಕಳ್ಳತನವಿಲ್ಲ, ಸುಳ್ಳಿಲ್ಲ, ಕುಡಿತವಿಲ್ಲ, ಮನುಷ್ಯರೆಲ್ಲ ಸಮ.

ಬಿಟ್ಟದ್ದಕ್ಕೆ ದಂಡವೂ ಇತ್ತು. ವಿದ್ಯಾರ್ಥಿಗಳು ಇದನ್ನು ನೆನಪಿಡಬೇಕು. 1950ರ ರಾಷ್ಟ್ರಪತಿ ಆಜ್ಞೆಯ ಪ್ರಕಾರ ಹಿಂದೂವಾಗಿದ್ದರೆ ಮಾತ್ರ ಪರಿಶಿಷ್ಟ ಜಾತಿ. 1956ರಲ್ಲಿ ಸಿಖ್ಖರನ್ನು ಸೇರಿಸಿದರು. ಬೌದ್ಧರನ್ನು ಸೇರಿಸಿದ್ದು 1990ರಲ್ಲಿ. ಅಂದರೆ ನಾಗಪುರದಲ್ಲಿ ದೀಕ್ಷೆ ಪಡೆದವರ ಮಕ್ಕಳು 34 ವರ್ಷ ಕೇಂದ್ರದ ಕಾಗದದಲ್ಲಿ ಪರಿಶಿಷ್ಟರಲ್ಲ. ಊರ ಬಾವಿಯ ಹತ್ತಿರ ಮಾತ್ರ ಹಳೆಯ ಲೆಕ್ಕವೇ. ಕ್ರೈಸ್ತರೋ ಮುಸ್ಲಿಮರೋ ಆದ ದಲಿತರಿಗೆ ಆ ಕಾಗದ ಇಂದಿಗೂ ಇಲ್ಲ. ದೇವರನ್ನು ಬಿಡಬಹುದು, ತಹಸೀಲ್ದಾರ ಕಚೇರಿಯನ್ನು ಬಿಡುವುದು ಹ್ಯಾಂಗ?

ನಾಗಪುರ ದೂರ ಅನ್ನುವವರು ಮಸ್ಕಿಗೆ ಹೋಗಿ ಬರಲಿ. ಅದು ನಮ್ಮ ರಾಯಚೂರು ಜಿಲ್ಲೆಯೇ. ಬಂಗಾರ ಹುಡುಕುತ್ತಿದ್ದ ಬೀಡನ್ ಎಂಬ ಎಂಜಿನಿಯರನ ಕಣ್ಣಿಗೆ 1915ರಲ್ಲಿ ಅಲ್ಲಿ ಒಂದು ಶಾಸನ ಬಿತ್ತು. ಅಶೋಕನ ಹೆಸರನ್ನೇ ಹೇಳುವ ಶಾಸನ ಅದು, ಅವನು ಬುದ್ಧನ ಕಡೆಯವನೆಂದೂ ಹೇಳುತ್ತದೆ. ಧರ್ಮದಲ್ಲಿ ನಡೆದರೆ ಸಣ್ಣವನೂ ಆ ನೆಲೆ ಮುಟ್ಟಬಲ್ಲ, ದೊಡ್ಡವನಿಗಷ್ಟೇ ಎಂದು ತಿಳಿಯಬಾರದು ಎಂದೂ ಅದರಲ್ಲಿದೆ. ಮೇಷ್ಟ್ರುಗಳು ಮಕ್ಕಳಿಗೆ ರಾಜನ ಹೆಸರು ಹೇಳಿ ಮುಂದಕ್ಕೆ ನಡೆಯುತ್ತಾರೆ. ಆ ಸಣ್ಣವನ ಮಾತನ್ನೂ ಓದಿ ಹೇಳಲಿ.